ನಕ್ಷೆಯಲ್ಲಿಲ್ಲದ ಕೋಣೆ

ಚನ್ನಪಟ್ಟಣದ ಶುಕೂರ್ ಸಾಬರು ಬೇರೆಯವರು ಹೇಳಿದ ಅಳತೆಯನ್ನು ನಂಬುವವರಲ್ಲ. ಹೊಸ ಸ್ಕೇಲು ಕೊಂಡರೂ ಮನೆಗೆ ತಂದು ಹಳೆಯದರ ಪಕ್ಕ ಇಟ್ಟು, ಗೆರೆಗೆ ಗೆರೆ ಕೂಡುತ್ತದೆಯೇ ಎಂದು ನೋಡಿದ ಮೇಲೆಯೇ ಬಳಸುತ್ತಿದ್ದರು. ಹಾಲು ತರುವವಳು, ಕರೆಂಟ್ ಮೀಟರ್ ಓದುವವನು, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು, ಹೀಗೆ ಎಲ್ಲರ ಮೇಲೂ ಅವರಿಗೆ ಒಂದೊಂದು ಗುಮಾನಿ. "ನಿಮ್ಮ ಅಬ್ಬಾ ಹೆಸರು ತಪ್ಪಿಟ್ಬುಟ್ರು" ಎನ್ನುತ್ತಿದ್ದಳು ಹೆಂಡತಿ ಶರ್ಫುನ್ನೀಸಾ. "ಶುಕೂರ್ ಅಲ್ಲ, ಶಕ್ಕೂರ್ ಅಂತ ಇಡಬೇಕಿತ್ತು." ಅವರ ಮನೆಮಾತಿನಲ್ಲಿ ಶಕ್ ಎಂದರೆ ಅನುಮಾನ.

ಹುಟ್ಟಿನಿಂದಲೇ ಅವರು ಹಾಗಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಗೊಂಬೆ ಕಡೆಯುವ ಲೇತಿನ ಮುಂದೆ ಕೂತವರು, ಈಗ ಐವತ್ತೆಂಟು. ಆಲೆ ಎಂಬ ಬಿಳಿ ಮರ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಹೊಳಪು ಕೊಡುವುದರಲ್ಲಿ ಬೀದಿಯಲ್ಲೇ ಅವರನ್ನು ಮೀರಿಸುವವರಿಲ್ಲ. ಒಮ್ಮೆ ಕಾಳು ಕುಕ್ಕುವ ಹಕ್ಕಿಯೊಂದನ್ನು ತಾವೇ ಯೋಚಿಸಿ ಮಾಡಿದ್ದರು. ವ್ಯಾಪಾರಿಯೊಬ್ಬ, "ಶುಕೂರ್ ಭಾಯ್, ನಾವು ಅಣ್ಣತಮ್ಮಂದಿರ ಹಂಗೆ. ಮಾದರಿ ಕೊಡಿ, ನಾಳೆ ವಾಪಸ್ ತರ್ತೀನಿ" ಎಂದು ಒಯ್ದ. ಆರು ತಿಂಗಳಾದ ಮೇಲೆ ಹಳೆಯ ಹೆದ್ದಾರಿಯ ಅಂಗಡಿಗಳಲ್ಲೆಲ್ಲ ಅದೇ ಹಕ್ಕಿ ಪ್ಲಾಸ್ಟಿಕ್ಕಿನಲ್ಲಿ ತೂಗಾಡುತ್ತಿತ್ತು. ಹಕ್ಕಿ ಹೋದದ್ದಕ್ಕಿಂತ ಆ 'ಅಣ್ಣತಮ್ಮ' ಎಂಬ ಮಾತು ಶುಕೂರರ ಎದೆಯಲ್ಲಿ ಕೂತುಬಿಟ್ಟಿತು. ಅಲ್ಲಿಂದ ಮುಂದೆ ಯಾರಾದರೂ ನಯವಾಗಿ ಮಾತಾಡಿದರೆ ಅವರ ಹುಬ್ಬು ಮೇಲೇರುತ್ತಿತ್ತು.

ಎಕ್ಸ್‌ಪ್ರೆಸ್ ರಸ್ತೆ ಊರಿನ ಹೊರಗೆ ಹಾದುಹೋದ ಮೇಲೆ ಗೊಂಬೆಯ ಕೆಲಸ ಇಳಿಮುಖವಾಗಿದ್ದ ಒಂದು ಮಳೆಗಾಲದ ಬೆಳಿಗ್ಗೆ, ಸುಗುಣರಾಜು ಎಂಬುವರು ಅವರ ಬಾಗಿಲಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಫೈಲು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ರಾಮನಗರದಲ್ಲಿ ಮನೆ. ಮಾಗಡಿ ರಸ್ತೆಯ ದೊರೆಬಾವಿ ಎಂಬ ಸಣ್ಣ ಊರಿನ ಕಲ್ಲು ಚರ್ಚಿಗೆ ಅವರು ಕಾರ್ಯದರ್ಶಿ. ಮುಂದಿನ ಸುಗ್ಗಿ ಹಬ್ಬಕ್ಕೆ ಚರ್ಚಿಗೆ ನೂರನಲವತ್ತು ವರ್ಷ ತುಂಬುತ್ತದೆ, ಅಂದು ಸಭೆಯವರ ಮುಂದೆ ಇಡಲು ಮರದಲ್ಲಿ ಅದರ ಪುಟ್ಟ ಮಾದರಿಯೊಂದು ಬೇಕು ಎಂದರು.

"ಮಾಡಾಣ. ಬಂದು ನೋಡಿ ಅಳತೆ ತಗೋತೀನಿ" ಎಂದರು ಶುಕೂರ್.

"ಬರೋ ಅಗತ್ಯ ಇಲ್ಲ ಸಾಬ್ರೇ. ಅಷ್ಟು ದೂರ ನಿಮಗ್ಯಾಕೆ ತೊಂದರೆ?" ಸುಗುಣರಾಜು ಫೈಲಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಬಿಡಿಸಿದರು. ಹಳೆಯ ನಕ್ಷೆಯ ಜೆರಾಕ್ಸ್. "ಅಳತೆ ಎಲ್ಲಾ ಇದರಲ್ಲೇ ಐತೆ. ಹೊರಗಿನ ಫೋಟೋನೂ ಕೊಡ್ತೀನಿ. ಇದರ ಪ್ರಕಾರ ಮಾಡಿದ್ರೆ ಸಾಕು."

ಅವರು ಹೋದ ಮೇಲೆ ಶುಕೂರ್ ಆ ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ನಲವತ್ತನಾಲ್ಕು ಅಡಿ ಉದ್ದದ ಒಂದೇ ಹಜಾರ. ಮೂರು ಕಡೆಯ ಗೋಡೆಗೆ ಜೋಡಿ ಗೆರೆ, ಹಿಂದಿನ ಗೋಡೆಗೆ ಮಾತ್ರ ಒಂಟಿ ಗೆರೆ.

"ಬರಬೇಡ ಅಂದ್ರು ಕಣೇ" ಎಂದರು ಹೆಂಡತಿಗೆ.

"ನಿಮಗೆ ತೊಂದರೆ ಆಗಬಾರದು ಅಂತ ಅಂದಿರ್ತಾರೆ."

"ನನ್ನ ತೊಂದರೆ ಇವರಿಗೆ ಯಾಕೆ?"

ಮುಂದಿನ ಮಂಗಳವಾರ ಯಾರಿಗೂ ಹೇಳದೆ ರಾಮನಗರಕ್ಕೆ ಬಸ್ ಹತ್ತಿದರು. ಅಲ್ಲಿಂದ ಮಾಗಡಿ ಬಸ್ಸು ಹಿಡಿದು ದೊರೆಬಾವಿಯಲ್ಲಿ ಇಳಿದಾಗ ಹತ್ತೂವರೆ. ನಿಲ್ದಾಣದಲ್ಲಿ ವೆಂಕಟಯ್ಯ ಎಂಬುವನ ಟೀ ಅಂಗಡಿ, ಅದರ ಹಿಂದೆ ಹುಣಸೇಮರಗಳ ಸಾಲು, ಸಾಲಿನ ಕೊನೆಯಲ್ಲಿ ಚರ್ಚು.

ದೊಡ್ಡ ಗೋಪುರವೇನೂ ಇಲ್ಲದ, ನೆಲಕ್ಕೆ ಅಂಟಿಕೊಂಡು ಕೂತ ಕಟ್ಟಡ. ರಾಮನಗರದ ಬೆಟ್ಟದ್ದೇ ಬಂಡೆ. ಬಂಡೆ ಸೀಳಲು ಕುಟಿಕರು ಹೊಡೆದ ಉಳಿಯ ಕಚ್ಚುಗಳು ಕಲ್ಲಿನ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಇನ್ನೂ ಕಾಣುತ್ತಿದ್ದವು. ಮುಂದಿನ ಗೋಡೆ ಮೇಲಕ್ಕೆ ಹೋಗುತ್ತ ಚೂಪಾಗಿ, ನೆತ್ತಿಯಲ್ಲಿ ಪುಟ್ಟ ಕಮಾನಿನೊಳಗೆ ಗಂಟೆ. ಬಾಗಿಲ ಮೇಲೆ ಇಸವಿ ಕೆತ್ತಿದ ಕಲ್ಲು. ಮಾಡಿಗೆ ಮಂಗಳೂರು ಹೆಂಚು. ಆದರೆ ಪಕ್ಕಕ್ಕೆ ಬಂದು ನೋಡಿದಾಗ, ಹೆಂಚು ಮುಗಿದಲ್ಲಿಂದ ಹಿಂದಕ್ಕೆ ಸಿಮೆಂಟ್ ಶೀಟಿನ ಮಾಡಿನ ಕೋಣೆಯೊಂದು ಅಂಟಿಕೊಂಡಿತ್ತು. ಅದರ ಗೋಡೆಗೆ ಸಿಮೆಂಟು ಮೆತ್ತಿ ಹಳದಿ ಬಣ್ಣ ಬಳಿದಿದ್ದರು. ನೋಡಿದವರು ಯಾರೋ ಮೊನ್ನೆ ಮೊನ್ನೆ ಕಟ್ಟಿದ ಷೆಡ್ಡು ಎಂದುಕೊಳ್ಳಬೇಕು. ಗೋಡೆಯ ಮೂಲೆಯಲ್ಲಿ ಕೆಂಪು ಬಣ್ಣದ ಬಾಣದ ಗುರುತು, ಪಕ್ಕದಲ್ಲಿ ಎರಡು ಅಂಕಿ. ಬಣ್ಣ ಹೊಸದು.

ಶುಕೂರ್ ಟೇಪು ಎಳೆದರು. ಹೊರಗೋಡೆ ಅರವತ್ತಾರು ಅಡಿ. ಇನ್ನೊಂದು ಸಲ ಎಳೆದರು. ಅರವತ್ತಾರೇ. ನಕ್ಷೆಯಲ್ಲಿ ಇಪ್ಪತ್ತೆರಡು ಅಡಿಯ ಕೋಣೆಯೇ ಇಲ್ಲ.

"ಯಾರ್ರೀ ಅದು? ಏನ್ ಅಳೀತಿದ್ದೀರಿ?"

ಕೈಯಲ್ಲಿ ಪೊರಕೆ ಹಿಡಿದ ಹೆಂಗಸೊಬ್ಬಳು ಹುಣಸೇಮರದ ಹಿಂದಿನಿಂದ ಬಂದಳು. ಲತಾಮಣಿ. ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ಚರ್ಚನ್ನು ಗುಡಿಸಿ ಸಾರಿಸಿ, ಭಾನುವಾರ ಗಂಟೆ ಬಾರಿಸುವವಳು. ಶುಕೂರ್ ಬಂದ ಕಾರಣ ಹೇಳಿದರು. ಕಾರ್ಯದರ್ಶಿಯ ಹೆಸರು ಹೇಳಿದರು. ಅವಳ ಮುಖ ಸಡಿಲವಾಗಲಿಲ್ಲ.

"ಸೆಕ್ರೆಟ್ರಿ ನಂಗೇನೂ ಹೇಳಿಲ್ವಲ್ಲ. ಎರಡು ವರ್ಷದ ಹಿಂದೆ ಹಿಂಗೇ ಒಬ್ಬ ಬಂದು, ಫೋಟೋ ತೆಗೀತೀನಿ ಅಂದ. ಒಂದು ವಾರಕ್ಕೆ ಸಾಗುವಾನಿ ಬೆಂಚು ಒಂದು ಮಾಯ."

ಆದರೂ ಬಾಗಿಲು ತೆಗೆದಳು. ಒಳಗೆ ಅಡಿಯಿಟ್ಟ ಶುಕೂರ್ ಚಪ್ಪಲಿ ಬಿಟ್ಟು ಸುತ್ತ ನೋಡಿದರು. ಸುಣ್ಣ ಬಳಿದ ಬರಿಯ ಗೋಡೆಗಳು. ಚೂಪು ನೆತ್ತಿಯ ಉದ್ದ ಕಿಟಕಿಗಳಿಗೆ ಬಣ್ಣವಿಲ್ಲದ ಗಾಜು, ಬೆಳಕು ನೇರವಾಗಿ ಬೆಂಚುಗಳ ಮೇಲೆ ಬೀಳುತ್ತಿತ್ತು. ಎದುರು ಗೋಡೆಯ ನಡುಮಧ್ಯೆ, ಏಳು ಮೆಟ್ಟಿಲ ಮೇಲೆ, ಪ್ರಸಂಗ ಹೇಳುವ ಮರದ ಪೀಠ. ಅದರ ಕೆಳಗೆ ಒಂದು ಉದ್ದ ಮೇಜು. ಅಷ್ಟೇ. ಪಟವಿಲ್ಲ, ಮೂರ್ತಿಯಿಲ್ಲ, ಹೂವಿನ ಕೆತ್ತನೆಯಿಲ್ಲ.

"ಫೋಟೋ ಗೀಟೋ ಏನೂ ಇಲ್ವಲ್ಲಮ್ಮಾ?"

"ಇದು ಪ್ರೆಸ್ಬಿಟೇರಿಯನ್ ದೊರೆಗಳು ಕಟ್ಟಿದ್ದು. ಅವ್ರು ಅಂಥದ್ದೆಲ್ಲಾ ಒಪ್ತಿರ್ಲಿಲ್ವಂತೆ. ದೇವರ ಮಾತು ಕೇಳಕ್ಕೆ ಬನ್ನಿ, ನೋಡಕ್ಕೆ ಬರಬೇಡಿ ಅನ್ನೋರಂತೆ. ಹಂಗೇ, ಯಾವ ದೊಡ್ಡವರ ಅಪ್ಪಣೆಗೂ ಕಾಯ್ತಿರ್ಲಿಲ್ಲ. ಸಭೆ ಹಿರಿಯರೇ ಕೂತು ಎಲ್ಲಾ ತೀರ್ಮಾನ ಮಾಡೋರು."

"ನಮ್ಮ ಮಸೀದೀಲೂ ಹಿಂಗೇ. ಬರೀ ಗೋಡೆ, ಮಾತು ಹೇಳೋಕೆ ಒಂದು ಮೆಟ್ಟಿಲು."

"ಹಂಗಾ?" ಎಂದಳು ಲತಾಮಣಿ. "ಆ ಚೀಲದಾಗೆ ಏನೈತೆ?"

ಅವರು ಕಿಟಕಿ ಅಳೆಯುತ್ತಿದ್ದರೆ ಅವಳು ಆ ಕಿಟಕಿಯ ಕೆಳಗೇ ಗುಡಿಸಿದಳು. ಬೆಂಚು ಮುಟ್ಟಿದರೆ ಬೆಂಚು ಒರೆಸಿದಳು. ನಡುನಡುವೆ, ಕೇಳದಿದ್ದರೂ, ಚರ್ಚಿನ ಕಥೆ ಹೇಳಿದಳು. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರದ ಕಾಲದಲ್ಲಿ ಸ್ಕಾಟ್‌ಲ್ಯಾಂಡಿನಿಂದ ಬಂದ ಮಾಕಿ ದೊರೆ ಮೊದಲು ಬಾವಿ ತೋಡಿಸಿದನಂತೆ. ಕೆಲಸ ಮಾಡಿದವರಿಗೆ ರಾಗಿ ಅಳೆದು ಕೊಟ್ಟನಂತೆ. ಆಮೇಲೆ ಕುಟಿಕರನ್ನೂ ಬಡಗಿಗಳನ್ನೂ ಇಲ್ಲೇ ಇಟ್ಟುಕೊಂಡು, ಐದಾರು ವರ್ಷ ಎಳೆದಾಡಿ ಇದನ್ನು ಕಟ್ಟಿಸಿದನಂತೆ.

"ಹಿಂದಿನ ಕೋಣೆ?"

"ಅದು ಆಮೇಲೆ ಯಾವಾಗ್ಲೋ ಕಟ್ಟಿದ್ದಂತೆ. ಕೀಲಿ ಸೆಕ್ರೆಟ್ರಿ ಹತ್ರ ಐತೆ."

ಈ ಮಾತು ಹೇಳುವಾಗ ಅವಳ ಕೈ ಸೊಂಟದ ಕೀಲಿ ಗೊಂಚಲಿನ ಮೇಲೆ ಹೋದದ್ದನ್ನು ಶುಕೂರ್ ಗಮನಿಸಿದರು.

ಊರಿಗೆ ಮರಳಿದ ಮೇಲೆ ಸುಗುಣರಾಜುವಿಗೆ ಫೋನ್ ಮಾಡಿದರು. "ಸಾರ್, ನಕ್ಷೆಲಿ ಹಿಂದಿನ ಕೋಣೆ ಇಲ್ಲ."

"ನೀವು ಅಲ್ಲಿಗೆ ಹೋಗಿದ್ರಾ? ಯಾರು ಹೋಗೋಕೆ ಹೇಳಿದ್ದು?"

"ಅಳತೆಗೆ ಹೋಗಿದ್ದೆ."

"ನೋಡಿ ಸಾಬ್ರೇ, ನಕ್ಷೆಲಿ ಏನೈತೋ ಅದು ಮಾಡಿ. ಆ ಷೆಡ್ಡಿನ ವಿಷಯ ನಿಮಗೆ ಬೇಡ."

ಫೋನ್ ಇಟ್ಟಾಗ ಶುಕೂರರ ತಲೆಯಲ್ಲಿ ಎಲ್ಲವೂ ತಾನಾಗಿಯೇ ಜೋಡಣೆಯಾಯಿತು. ಕೋಣೆಯಿಲ್ಲದ ನಕ್ಷೆ, ಗೋಡೆಯ ಮೇಲೆ ಹೊಸ ಕೆಂಪು ಗುರುತು, ಬರಬೇಡಿ ಎಂಬ ಮಾತು. ಕೋಣೆಯನ್ನು ಕೆಡವಿ ಹಿಂದಿನ ಜಾಗವನ್ನು ಯಾರಿಗೋ ಬರೆದುಕೊಡುವ ಏರ್ಪಾಡು ನಡೆದಿದೆ. ಹಬ್ಬದ ದಿನ ಗಿಡ್ಡ ಚರ್ಚಿನ ಗೊಂಬೆ ತೋರಿಸಿ, 'ನೋಡಿ, ನಮ್ಮ ಹಳೇ ಚರ್ಚು ಇದ್ದದ್ದೇ ಇಷ್ಟು' ಎಂದು ಜನರ ಕಣ್ಣಿಗೆ ಮಣ್ಣೆರಚುವುದು. ಆ ಮಣ್ಣು ತನ್ನ ಕೈಯಿಂದ ಹೋಗಬೇಕು!

ಮರುವಾರ ದೊರೆಬಾವಿಗೆ ಹೋದವರು ಮೊದಲು ವೆಂಕಟಯ್ಯನ ಅಂಗಡಿಯಲ್ಲಿ ಟೀ ಕುಡಿದರು. ಅಲ್ಲಿ ಮೂರ್ನಾಲ್ಕು ಜನ ಕೂತಿದ್ದರು. "ಏನ್ ಸಾಬ್ರೇ, ಚರ್ಚ್ ಕಡೆ ಭಾರಿ ಓಡಾಟ?" ಎಂದ ವೆಂಕಟಯ್ಯ.

ಶುಕೂರ್ ಹೇಳಬಾರದಿತ್ತು. ಹೇಳಿದರು. "ಹಿಂದಿನ ಭಾಗ ಹೊಡೆದಾಕಿ ಜಾಗ ಮಾರೋ ಹಂಗವ್ರೆ ನಿಮ್ಮ ಸೆಕ್ರೆಟ್ರಿ. ನಂಗೆ ಕೊಟ್ಟಿರೋ ನಕ್ಷೆಯೇ ಸುಳ್ಳು."

"ಹೌದೇನ್ರೀ? ನಂಗೆ ಮೊದ್ಲೇ ಅನುಮಾನ ಇತ್ತು ಕಣ್ಲಾ" ಎಂದು ವೆಂಕಟಯ್ಯ ಪಕ್ಕದವನ ಕಡೆ ತಿರುಗಿದ.

ಅಂದು ಚರ್ಚಿನಲ್ಲಿ ಸಭೆಯ ನಾಲ್ಕೈದು ಹೆಂಗಸರು ಕಿಟಕಿ ಒರೆಸುತ್ತಿದ್ದರು. ಶುಕೂರ್ ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಒಬ್ಬಾಕೆ ಲತಾಮಣಿಯ ಕಿವಿಯಲ್ಲಿ ಏನೋ ಹೇಳಿದಳು. ಲತಾಮಣಿ ಹತ್ತಿರ ಬಂದು ನೆಲ ನೋಡುತ್ತ ನಿಂತಳು.

"ಸಾಬ್ರೇ, ಮೂರನೇ ಕಿಟಕಿ ಹಿತ್ತಾಳೆ ಕೊಕ್ಕೆ ಕಾಣ್ತಿಲ್ಲ. ನೀವು ಬಂದೋದ ಮೇಲೆ. ಒಸಿ ಚೀಲ ತೋರಿಸ್ತೀರಾ?"

ಜೀವಮಾನವೆಲ್ಲ ಶುಕೂರ್ ಬೇರೆಯವರನ್ನು ನೋಡುತ್ತಿದ್ದ ನೋಟ ಅದು, ಇಂದು ತಮ್ಮ ಕಡೆ ತಿರುಗಿತ್ತು. ಚೀಲವನ್ನು ಬೆಂಚಿನ ಮೇಲೆ ಮಗುಚಿದರು. ಟೇಪು, ಎರಡು ಉಳಿ, ಪೆನ್ಸಿಲು, ನೋಟ್‌ಬುಕ್ಕು, ಶರ್ಫುನ್ನೀಸಾ ಕಟ್ಟಿಕೊಟ್ಟ ಚಪಾತಿಯ ಡಬ್ಬಿ. ಡಬ್ಬಿಯ ಮುಚ್ಚಳವನ್ನೂ ತೆಗೆದು ತೋರಿಸಿದರು. ಹೆಂಗಸರು ಬೇರೆ ಕಡೆ ನೋಡಿದರು. ಅವರು ಎಲ್ಲವನ್ನೂ ಮತ್ತೆ ತುಂಬಿಕೊಂಡು ಹೊರಟೇಬಿಟ್ಟರು.

ಈ ಕೆಲಸವೇ ಬೇಡ ಎಂದು ನಾಲ್ಕು ದಿನ ಮನೆಯಲ್ಲಿ ಕೂತರು. ಐದನೆಯ ದಿನ ಲತಾಮಣಿ ಫೋನ್ ಮಾಡಿದಳು. ನಂಬರು ಸುಗುಣರಾಜುವಿನಿಂದ ಪಡೆದಿದ್ದಳಂತೆ.

"ಕೊಕ್ಕೆ ಸಿಕ್ತು ಸಾಬ್ರೇ. ಮುರಿದು ಕಿಟಕಿ ಸಂದಿಗೆ ಬಿದ್ದಿತ್ತು. ನಾನು ಎಲ್ಲರ ಮುಂದೆ ಕೇಳಿದ್ದು ತಪ್ಪಾಯ್ತು. ನೀವು ಬನ್ನಿ. ಮಾಡು ನೋಡಕ್ಕೆ ಏಣಿ ಬೇಕು ಅಂದಿದ್ರಲ್ಲ, ತಂದಿಟ್ಟಿದ್ದೀನಿ."

ಮಾಡಿನ ಮರಗಳ ಜೋಡಣೆ ನೋಡದೆ ಮಾದರಿ ಮಾಡಲು ಅವರಿಗೆ ಮನಸ್ಸಿರಲಿಲ್ಲ. ಹೋದರು. ಹಜಾರದ ಮಾಡನ್ನು ಆರು ದೊಡ್ಡ ತ್ರಿಕೋನದ ಮರದ ಕಟ್ಟುಗಳು ಹೊತ್ತಿದ್ದವು. ಪ್ರತಿಯೊಂದಕ್ಕೂ ಗೋಡೆಯಿಂದ ಗೋಡೆಗೆ ಒಂದು ಅಡ್ಡತೊಲೆ. ಲತಾಮಣಿ ಏಣಿ ಹಿಡಿದುಕೊಂಡಳು. ಶುಕೂರ್ ಪ್ರಸಂಗಪೀಠದ ಹತ್ತಿರದ ಮೊದಲ ತೊಲೆಗೆ ಏರಿ, ಜೇಡರಬಲೆ ಒರೆಸಿ, ಕೀಲು ಕೂತ ರೀತಿ ನೋಡುತ್ತಿದ್ದರು. ತೊಲೆಯ ತುದಿಯಲ್ಲಿ, ಗೋಡೆಗೆ ತಾಗುವ ಜಾಗದಲ್ಲಿ, ಉಳಿಯಿಂದ ಕೊರೆದ ಗುರುತೊಂದು ಕೈಗೆ ಸಿಕ್ಕಿತು. ಊದಿದರು.

"ಏನದು?"

"ನಂಬರು. ಬಡಗಿಗಳು ಕೆಳಗೆ ಜೋಡಿಸಿ ನೋಡಿ, ಬಿಚ್ಚಿ, ಮೇಲೆ ಏರಿಸುವಾಗ ಅದಲುಬದಲು ಆಗದಿರಲಿ ಅಂತ ಹಾಕ್ತಾರೆ. ಕನ್ನಡದ ಅಂಕಿ. ೪."

ಏಣಿ ಸರಿಸಿದರು. ಮುಂದಿನ ತೊಲೆಗೆ ೫. ಆಮೇಲೆ ೬. ಬಾಗಿಲ ಹತ್ತಿರದ ಕೊನೆಯ ತೊಲೆಗೆ ೯.

ಶುಕೂರ್ ಏಣಿಯ ಮೇಲೆಯೇ ಕೂತರು. "ಅಮ್ಮಾ, ಹಜಾರ ಮಾತ್ರ ಕಟ್ಟಿದ್ರೆ ನಾಲ್ಕರಿಂದ ಯಾಕೆ ಶುರು ಮಾಡ್ತಾರೆ? ಒಂದು, ಎರಡು, ಮೂರು ಎಲ್ಲಿ?"

ಲತಾಮಣಿ ಹಿಂದಿನ ಗೋಡೆಯನ್ನು ನೋಡಿದಳು. ಆಮೇಲೆ ಸೊಂಟದ ಗೊಂಚಲಿನಿಂದ ತುಕ್ಕು ಹಿಡಿದ ಕೀಲಿಯೊಂದನ್ನು ಬಿಡಿಸಿದಳು. "ನನ್ನ ಹತ್ರವೇ ಐತೆ. ಅವತ್ತು ನಿಮ್ಮನ್ನ ನಂಬಲಿಲ್ಲ, ಅದಕ್ಕೇ ಸುಳ್ಳೇಳ್ದೆ."

ಹಿಂದಿನ ಕೋಣೆಯಲ್ಲಿ ಮುರುಕು ಬೆಂಚು, ಹಳೆಯ ಪೆಟ್ರೋಮ್ಯಾಕ್ಸು, ಪೇಪರಿನ ಕಟ್ಟು. ತಲೆಯ ಮೇಲೆ ತಗಡಿನ ಮುಚ್ಚಿಗೆ. ಒಂದು ತಗಡು ಮೂಲೆಯಲ್ಲಿ ಜೋತುಬಿದ್ದಿತ್ತು. ಶುಕೂರ್ ಏಣಿ ಹತ್ತಿ ಅದನ್ನು ಸರಿಸಿ, ಮೊಬೈಲಿನ ಬೆಳಕು ಬಿಟ್ಟರು. ಹಜಾರದಲ್ಲಿದ್ದಂಥದೇ ಸಾಗುವಾನಿ, ಅಂಥದೇ ಕೀಲು. ಸಿಮೆಂಟ್ ಶೀಟು ಕೂತಿದ್ದು ಹಳೆಯ ಮರದ ಮೇಲೆಯೇ. ೩. ಅದರಾಚೆ ೨. ಕಟ್ಟಕಡೆಯ ಗೋಡೆಯ ಪಕ್ಕ, ಒಂದೇ ಕೈಯ ಬರಹದಲ್ಲಿ, ೧.

"ಆಮೇಲೆ ಕಟ್ಟಿದ್ದಲ್ಲಮ್ಮಾ" ಎಂದರು ಕೆಳಗಿಳಿದು. "ಇಲ್ಲಿಂದಲೇ ಶುರು ಮಾಡವ್ರೆ."

ಈಗ ಅನುಮಾನ ಇಬ್ಬರದೂ ಆಯಿತು. "ಹಂಗಾದ್ರೆ ಸೆಕ್ರೆಟ್ರಿ ಯಾಕೆ ಬಚ್ಚಿಡ್ತಾವ್ರೆ?" ಎಂದಳು ಲತಾಮಣಿ. ಹೋದ ತಿಂಗಳು ಸುಗುಣರಾಜು ಯಾರನ್ನೋ ಕಾರಿನಲ್ಲಿ ಕರೆತಂದು ಕೋಣೆಯ ಸುತ್ತ ಓಡಾಡಿದ್ದನ್ನು ಆಕೆ ಕಂಡಿದ್ದಳು. ಕೇಳಿದ್ದಕ್ಕೆ 'ಎಂಜಿನಿಯರು' ಎಂದಿದ್ದರು, ಅಷ್ಟೇ. ಯಾರಿಗೂ ಹೇಳುವುದಿಲ್ಲ ಎಂದು ಶುಕೂರರಿಗೆ ಮಾತು ಕೊಟ್ಟ ಲತಾಮಣಿ, ತನ್ನ ಅಕ್ಕನಿಗೆ ಮಾತ್ರ ಹೇಳಿದಳು.

ಎರಡು ತಿಂಗಳು ಶುಕೂರ್ ಬೇರೆ ಕೆಲಸ ಮುಟ್ಟಲಿಲ್ಲ. ಲೇತಿನವರಿಗೆ ದುಂಡಗಿನದು ಸುಲಭ. ಚರ್ಚೋ, ಎಲ್ಲಾ ಮೂಲೆಯೇ. ಪೀಠದ ಮೆಟ್ಟಿಲಿನ ಕಂಬಿಗಳು, ಗಂಟೆ, ಬೆಂಚಿನ ಗುಬುಟು, ಇಷ್ಟು ಮಾತ್ರ ಕಡೆಯಲು ಸಿಕ್ಕವು. ಉಳಿದದ್ದೆಲ್ಲ ಗರಗಸ, ಉಳಿ, ಉಪ್ಪುಕಾಗದದ ಕೆಲಸ. ಅಡಿಗೆ ಕಾಲಿಂಚಿನ ಲೆಕ್ಕದಲ್ಲಿ ಹದಿನಾರೂವರೆ ಇಂಚು ಉದ್ದ ಬಂತು. ಕಲ್ಲಿಗೆ ಬಣ್ಣ ಹಚ್ಚದೆ ಆಲೆ ಮರದ ಬಿಳುಪನ್ನೇ ಬಿಟ್ಟರು. ಮಾಡನ್ನು ಎತ್ತಿ ತೆಗೆಯುವ ಹಾಗೆ ಮಾಡಿ, ಒಳಗೆ ಒಂಬತ್ತು ತ್ರಿಕೋನ ಕೂರಿಸಿ, ಸೂಜಿಯಿಂದ ಪ್ರತಿಯೊಂದಕ್ಕೂ ಅದರ ನಂಬರು ಕೊರೆದರು.

"ಅವರು ಕೇಳಿದ್ದು ಇದಲ್ಲ" ಎಂದಳು ಶರ್ಫುನ್ನೀಸಾ. "ಬೇಡ ಅಂದ್ರೆ?"

"ಬೇಡ ಅಂದ್ರೆ ಯಾಕೆ ಬೇಡ ಅಂತ ಎಲ್ಲರ ಮುಂದೆ ಹೇಳ್ಲಿ."

ಸುಗ್ಗಿ ಹಬ್ಬಕ್ಕೆ ಎರಡು ವಾರ ಮುಂಚೆ, ಭಾನುವಾರದ ಆರಾಧನೆ ಮುಗಿದ ಮೇಲೆ, ಅಯ್ಯನವರು ಮಾದರಿಯನ್ನು ತರಿಸಿಕೊಂಡರು. ಸಭಾಪಾಲಕರನ್ನು ಅಲ್ಲಿ ಎಲ್ಲರೂ ಅಯ್ಯನವರೆಂದೇ ಕರೆಯುವುದು. ಶುಕೂರ್ ಅದನ್ನು ಉದ್ದ ಮೇಜಿನ ಮೇಲಿಟ್ಟು ಬಟ್ಟೆ ತೆಗೆದರು. ಮಕ್ಕಳು ಮುಗಿಬಿದ್ದರು. ಸುಗುಣರಾಜುವಿನ ಮುಖ ಮಾತ್ರ ಕಪ್ಪಿಟ್ಟಿತು.

"ನಾನು ಕೊಟ್ಟ ನಕ್ಷೆ ಇದಲ್ಲ."

"ನಕ್ಷೆ ಇಡೀ ಚರ್ಚಿಂದಲ್ಲ ಸಾರ್" ಎಂದು ಶುಕೂರ್ ಮಾಡನ್ನೆತ್ತಿ, ಒಂದರಿಂದ ಒಂಬತ್ತರವರೆಗೆ ಬೆರಳಿಟ್ಟು ತೋರಿಸಿದರು.

ಹಿರಿಯರಲ್ಲಿ ಇಬ್ಬರು ಹೋಗಿ ಏಣಿ ತಂದರು. ಹಜಾರದಲ್ಲಿ ನೋಡಿದರು, ಕೋಣೆಯಲ್ಲಿ ನೋಡಿದರು. ಇಳಿದು ಬಂದಾಗ ಗದ್ದಲ ಶುರುವಾಯಿತು. ವೆಂಕಟಯ್ಯನ ಅಂಗಡಿಯಲ್ಲಿ ಬಿದ್ದ ಮಾತು ಅಷ್ಟರಲ್ಲಿ ರಾಮನಗರ ಮುಟ್ಟಿ, ಬಿಡದಿಯವರೆಗೂ ಹೋಗಿ, ಕೈಕಾಲು ಬೆಳೆಸಿಕೊಂಡು ವಾಪಸ್ ಬಂದಿತ್ತು. ಜಾಗವನ್ನು ಯಾರೋ ಪೆಟ್ರೋಲ್ ಬಂಕಿನವನಿಗೆ ಬರೆದುಕೊಟ್ಟಾಗಿದೆ ಎಂದು ಒಬ್ಬ, ಲಾಡ್ಜು ಬರುತ್ತದಂತೆ ಎಂದು ಇನ್ನೊಬ್ಬ. "ಕಳ್ಳ ನಕ್ಷೆ ಮಾಡಿಸಿದ್ದೀಯ!" ಎಂದು ಹಿಂದಿನ ಬೆಂಚಿನಿಂದ ಯಾರೋ ಏಕವಚನದಲ್ಲಿ ಕೂಗಿದರು. ಸುಗುಣರಾಜುವಿನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದರು.

ಸುಗುಣರಾಜು ಫೈಲು ತೆರೆದರು. ಅದರಲ್ಲಿದ್ದದ್ದು ಮಾರಾಟದ ಕಾಗದವಲ್ಲ. ಕೋಣೆ ಕೆಡವಿದ ಜಾಗದಲ್ಲಿ ಹೆಂಗಸರಿಗೆ ಮತ್ತು ವಯಸ್ಸಾದವರಿಗೆ ಎರಡು ಶೌಚಾಲಯ, ಒಂದು ಅಡುಗೆಮನೆ, ಗಾಲಿಕುರ್ಚಿಗೆ ಇಳಿಜಾರು. ಎಂಜಿನಿಯರು ನೋಡಿ, ಗೋಡೆಗೆ ಕೆಂಪು ಗುರುತು ಹಾಕಿ, ಕೋಣೆ ಈಚಿನದು, ಕೆಡವಬಹುದು ಎಂದು ಬರೆದುಕೊಟ್ಟಿದ್ದ. ನಕ್ಷೆ ಸುಗುಣರಾಜು ಮಾಡಿಸಿದ್ದೂ ಅಲ್ಲ. ಮಿಷನ್ ಕಾಲದ ಕಂತೆಯಿಂದ ಸಿಕ್ಕದ್ದು, ಅದನ್ನೇ ಅವರೂ ನಂಬಿದ್ದರು.

"ಮತ್ತೆ ನಮಗೆ ಯಾಕೆ ಹೇಳಲಿಲ್ಲ?" ಎಂದರು ಅಯ್ಯನವರು.

"ಹೇಳಿದ್ದರೆ ಏನಾಗ್ತಿತ್ತು ಅಯ್ಯನವ್ರೇ? ಫ್ಯಾನ್ ಹಾಕೋಕೆ ಈ ಹಿರಿಯರು ಮೂರು ವರ್ಷ ಜಗಳ ಆಡಿದ್ರು. ನನ್ನ ತಾಯಿ ಕೊನೇ ಎರಡು ವರ್ಷ ಚರ್ಚಿಗೆ ಬರಲಿಲ್ಲ. ಯಾಕೆ ಅಂತ ನಿಮ್ಮಲ್ಲಿ ಒಬ್ಬರಾದ್ರೂ ಕೇಳಿದ್ರಾ? ಬಂದ್ರೆ ಒಂದಕ್ಕೆ ಹೋಗೋಕೆ ಇಲ್ಲಿ ಜಾಗ ಇರ್ಲಿಲ್ಲ." ಅವರು ಫೈಲನ್ನು ಮೇಜಿನ ಮೇಲೆ, ಮಾದರಿಯ ಪಕ್ಕ ಇಟ್ಟರು. "ಬೇರೆ ಸೆಕ್ರೆಟ್ರಿ ನೋಡ್ಕೊಳಿ."

ಶುಕೂರ್ ಗೋಡೆಗೆ ಒರಗಿ ನಿಂತಿದ್ದರು. ತಮ್ಮ ಮಾದರಿಯನ್ನು ಹೊಗಳಿದ ಒಂದು ಮಾತೂ ಅವರ ಕಿವಿಗೆ ಬೀಳಲಿಲ್ಲ.

ಆ ವಾರವೇ ಅಯ್ಯನವರು ಹಳೆಯ ಕಂತೆಗಳನ್ನು ಕೆದಕಿ ಉಳಿದದ್ದನ್ನೂ ಕಂಡುಹಿಡಿದರು. ಮಾಕಿ ದೊರೆ ಮೊದಲು ಕಟ್ಟಿಸಿದ್ದು ಆ ಕೋಣೆಯನ್ನೇ, ಬರದಲ್ಲಿ ರಾಗಿ ತುಂಬಿಡಲು. ಒಂದು ವರ್ಷ ಅಲ್ಲೇ ಗಂಜಿ ಬಡಿಸಿದ್ದರು. ಆ ಕೋಣೆಗೇ ಮುಂಭಾಗದಲ್ಲಿ ಹಜಾರ ಸೇರಿಸಿ ಚರ್ಚು ಮಾಡಿದ್ದು. ಎಷ್ಟೋ ಕಾಲದ ಮೇಲೆ ಕೋಣೆಯನ್ನು ಶಾಲೆಗೆ ಬಾಡಿಗೆಗೆ ಕೊಟ್ಟಾಗ, ಆರಾಧನೆ ನಡೆಯುವ ಭಾಗಕ್ಕೆ ಮಾತ್ರ ಕಂದಾಯ ಮಾಫಿ ಎಂದಿದ್ದರಿಂದ, ಆ ಭಾಗಕ್ಕಷ್ಟೇ ಒಂದು ನಕ್ಷೆ ಬರೆಸಿದ್ದರು. ಆಚೆಗೆ ಇನ್ನೂ ಕಟ್ಟಡವಿದೆ ಎಂದು ತೋರಿಸಲೆಂದೇ ಹಿಂದಿನ ಗೋಡೆಗೆ ಒಂಟಿ ಗೆರೆ. ನಕ್ಷೆಯಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ.

ಲತಾಮಣಿ ಫೋನಿನಲ್ಲಿ ಇದನ್ನೆಲ್ಲ ಶುಕೂರರಿಗೆ ಹೇಳಿದಳು. ಕೋಣೆಯ ವಿಷಯದಲ್ಲಿ ತಾವು ಅಂದುಕೊಂಡದ್ದು ನಿಜ, ಮನುಷ್ಯನ ವಿಷಯದಲ್ಲಿ ಸುಳ್ಳು. ಮರುದಿನ ಬಸ್ ಹತ್ತಿ ನೇರ ವೆಂಕಟಯ್ಯನ ಅಂಗಡಿಗೆ ಹೋದರು.

"ನಾನು ಅವತ್ತು ಹೇಳಿದ್ದು ತಪ್ಪು. ಸೆಕ್ರೆಟ್ರಿ ಏನೂ ಮಾರ್ತಿರ್ಲಿಲ್ಲ" ಎಂದರು, ಅಲ್ಲಿದ್ದವರೆಲ್ಲರಿಗೂ ಕೇಳುವ ಹಾಗೆ.

ವೆಂಕಟಯ್ಯ ಟೀ ಸೋಸುತ್ತ ನಕ್ಕ. "ಆಗ್ಲಿ ಬುಡಿ ಸಾಬ್ರೇ. ಏನ್ ಕೊಟ್ಟು ಬಾಯಿ ಮುಚ್ಚಿಸಿದ್ರು?"

ಶುಕೂರ್ ಲೋಟ ಅಲ್ಲೇ ಇಟ್ಟು ಎದ್ದರು. ಇನ್ನೆಷ್ಟು ಜನಕ್ಕೆ ಹೇಳಬೇಕು, ಹೇಳಿದರೆ ಯಾರು ನಂಬುತ್ತಾರೆ ಎಂದು ತಿಳಿಯದೆ ರಾಮನಗರದ ಬಸ್ಸಿಗೆ ಕಾದರು.

ಸುಗುಣರಾಜುವಿನ ಮನೆಯ ಬಾಗಿಲನ್ನು ಹೆಂಡತಿ ಸರಪಳಿ ಬಿಡಿಸದೆ ಅರ್ಧ ತೆರೆದರು. "ಇಲ್ಲ ಅಂತ ಹೇಳು" ಎಂಬ ಮಾತು ಒಳಗಿನಿಂದ ಸ್ಪಷ್ಟವಾಗಿ ಕೇಳಿಸಿತು. ಶುಕೂರ್ ವಾಪಸ್ ಬಂದರು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಸುಗುಣರಾಜು ತಾವೇ ಬಾಗಿಲಿಗೆ ಬಂದು, ಒಳಗೆ ಕರೆಯದೆ, ಹೊಸ್ತಿಲಲ್ಲೇ ನಿಂತರು.

"ಏನು?"

"ಸಾರ್, ನಿಮ್ಮ ಮೇಲೆ ಮಾತು ಹಬ್ಬಿಸಿದ್ದು ನಾನೇ. ಟೀ ಅಂಗಡೀಲಿ. ನಿಮ್ಮನ್ನ ಒಂದು ಮಾತು ಕೇಳದೆ."

"ಗೊತ್ತು."

"ತಪ್ಪಾಯ್ತು."

"ಕೇಳಿದ್ದರೂ ನಾನು ಹೇಳ್ತಿರ್ಲಿಲ್ಲ" ಎಂದರು ಸುಗುಣರಾಜು. "ಒಂದು ಕೆಲಸ ಮಾಡಿ. ಆ ನಂಬರು ಎಲ್ಲರೂ ನೋಡಿದ್ರಲ್ಲ, ನಾನು ನೋಡಿಲ್ಲ. ತೋರಿಸಿ."

ಬುಧವಾರ ಮಧ್ಯಾಹ್ನ ಇಬ್ಬರೂ ದೊರೆಬಾವಿಗೆ ಹೋದರು. ಲತಾಮಣಿ ಕೋಣೆಯ ಬೀಗ ತೆಗೆದಳು. ಅರವತ್ನಾಲ್ಕು ವರ್ಷದ ಸುಗುಣರಾಜು ಪಂಚೆ ಎತ್ತಿಕಟ್ಟಿ ಏಣಿ ಹತ್ತಿದರು. ಶುಕೂರ್ ಕೆಳಗೆ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತರು. ಮೇಲೆ ಮೊಬೈಲಿನ ಬೆಳಕು ಅತ್ತಿತ್ತ ಹೊರಳಿತು. ಅವರು ಹೆಬ್ಬೆರಳಿನಿಂದ ಆ ಒಂದರ ಗೀರನ್ನು ಉಜ್ಜಿದರು. ಬೆರಳು ಮೂಗಿಗೆ ಹಿಡಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಮತ್ತೆ ಉಜ್ಜಿದರು.

"ಏನ್ ಸಾರ್ ನೋಡ್ತಿದ್ದೀರಿ?"

"ಗೀರಿನ ಒಳಗೆ ಹಳೇ ಸುಣ್ಣ ಕೂತೈತೆ" ಎಂದರು ಸುಗುಣರಾಜು ಮೇಲಿನಿಂದ. "ನಿಮ್ಮ ಚೀಲದಲ್ಲಿ ಉಳಿ ಇತ್ತು ಅಂತ ಕೇಳಿದ್ದೆ. ಇದನ್ನ ನೀವೇ ಕೊರೆದಿರಬೋದು ಅಂತ ಇಷ್ಟು ದಿನ ನನ್ನ ಮನಸ್ಸಿನಲ್ಲಿತ್ತು."

ಲತಾಮಣಿ ಬಾಯಿಗೆ ಸೆರಗು ಹಿಡಿದಳು. ಶುಕೂರರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಈಗ?"

"ಈಗ ಇಲ್ಲ. ಏಣಿ ಗಟ್ಟಿ ಹಿಡೀರಿ, ಇಳೀತೀನಿ."

ಸುಗುಣರಾಜು ಮತ್ತೆ ಕಾರ್ಯದರ್ಶಿಯಾಗಲಿಲ್ಲ. ಹಬ್ಬಕ್ಕೂ ಬರಲಿಲ್ಲ. ಕೋಣೆ ಉಳಿಯಿತು. ಸಿಮೆಂಟು ಕಿತ್ತು ಕಲ್ಲು ತೋರಿಸಬೇಕೇ ಬೇಡವೇ ಎಂದು ಹಿರಿಯರು ಈಗಲೂ ವಾದಿಸುತ್ತಿದ್ದಾರೆ. ಶೌಚಾಲಯ ಮಾತ್ರ ಮರುವರ್ಷ ಬಾವಿ ಕಡೆಯ ಹುಣಸೇಮರದ ಆಚೆ ಎದ್ದುನಿಂತಿತು, ಸುಗುಣರಾಜುವಿನ ಫೈಲಿನಲ್ಲಿದ್ದ ಅಳತೆಯಂತೆಯೇ. ಅದು ಮುಗಿದ ಭಾನುವಾರ ಅವರು ಹೆಂಡತಿಯೊಡನೆ ಬಂದು ಕೊನೆಯ ಬೆಂಚಿನಲ್ಲಿ ಕೂತು, ಆರಾಧನೆ ಮುಗಿಯುವ ಮೊದಲೇ ಎದ್ದು ಹೋದರೆಂದು ಲತಾಮಣಿ ಶುಕೂರರಿಗೆ ಹೇಳಿದಳು.